ಹೊಂಬೆನ್ನಿನ ಮರಕುಟಿಗಗಳನ್ನು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪು ಜುಟ್ಟು, ಹೊಂಬಣ್ಣದ ಬೆನ್ನು, ಕಪ್ಪು ಬಿಳುಪಿನ ಮುಖ: ಇಷ್ಟೇ ಲಕ್ಷಣಗಳನ್ನು ಹಿಡಿದು ಹೊರಟರೆ ಕರ್ನಾಟಕದಲ್ಲಿ ನಾಲ್ಕು ಬೇರೆ ಬೇರೆ ಮರಕುಟಿಗಗಳಿಗೆ ಒಂದೇ ಹೆಸರು ಕೊಟ್ಟುಬಿಡುವ ಸಾಧ್ಯತೆಯಿದೆ. ಪಕ್ಷಿವೀಕ್ಷಣೆ ಆರಂಭಿಸಿದವರು ಮಾತ್ರವಲ್ಲ, ವರ್ಷಗಳಿಂದ ದುರ್ಬೀನು ಹಿಡಿದವರೂ ಮಲೆನಾಡಿನ ಮಬ್ಬು ಬೆಳಕಿನಲ್ಲಿ ಇವುಗಳ ಮುಂದೆ ತಡವರಿಸುತ್ತಾರೆ. ಇಲ್ಲಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ನಾಲ್ಕರ ಬಗ್ಗೆ ಇವೆ. ಉಳಿದ ಮರಕುಟಿಗಗಳನ್ನು ಕೊನೆಯ ಭಾಗದಲ್ಲಿ ಚುಟುಕಾಗಿ ಪರಿಚಯಿಸಲಾಗಿದೆ.

ಈ ನಾಲ್ಕು ಮರಕುಟಿಗಗಳು ಯಾವುವು?

ಮೊದಲನೆಯದು ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್, ವೈಜ್ಞಾನಿಕವಾಗಿ ಡೈನೋಪಿಯಂ ಬೆಂಗಾಲೆನ್ಸ್. ತೆಂಗಿನ ತೋಟ, ಮಾವಿನ ತೋಪು, ಊರಿನ ಉದ್ಯಾನಗಳಲ್ಲಿ ನಾವು ದಿನನಿತ್ಯ ಕಾಣುವ ಹಕ್ಕಿ ಇದೇ. ಎರಡನೆಯದು ಕಾಮನ್ ಫ್ಲೇಮ್‌ಬ್ಯಾಕ್, ಅಂದರೆ ಡೈನೋಪಿಯಂ ಜಾವನೆನ್ಸ್. ಮೂರನೆಯದು ಗ್ರೇಟರ್ ಫ್ಲೇಮ್‌ಬ್ಯಾಕ್, ಅಂದರೆ ಕ್ರೈಸೊಕೊಲಾಪ್ಟಿಸ್ ಗಟ್ಟಾಕ್ರಿಸ್ಟೇಟಸ್. ಪಶ್ಚಿಮ ಘಟ್ಟದಲ್ಲಿರುವ ಇದರ ರೂಪವನ್ನು ಕೆಲವು ಪಟ್ಟಿಗಳು ಮಲಬಾರ್ ಫ್ಲೇಮ್‌ಬ್ಯಾಕ್ ಎಂಬ ಪ್ರತ್ಯೇಕ ಪ್ರಭೇದವೆಂದೇ ಪರಿಗಣಿಸುತ್ತವೆ. ನಾಲ್ಕನೆಯದು ವೈಟ್-ನೇಪ್ಡ್ ವುಡ್‌ಪೆಕರ್, ಅಂದರೆ ಕ್ರೈಸೊಕೊಲಾಪ್ಟಿಸ್ ಫೆಸ್ಟಿವಸ್.

ಓದುವ ಅನುಕೂಲಕ್ಕಾಗಿ ಇವುಗಳನ್ನು ಇಲ್ಲಿ ಕ್ರಮವಾಗಿ ಕರಿಪೃಷ್ಠದ ಮರಕುಟಿಗ, ಮೂರ್ಬೆರಳಿನ ಮರಕುಟಿಗ, ದೊಡ್ಡ ಹೊಂಬೆನ್ನಿನ ಮರಕುಟಿಗ ಮತ್ತು ಬಿಳಿ ಹಿಂಗತ್ತಿನ ಮರಕುಟಿಗ ಎಂದು ಕರೆಯಲಾಗಿದೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು: ಇಂಗ್ಲಿಷಿನಲ್ಲಿ ‘ಕಾಮನ್’ ಎನಿಸಿಕೊಂಡ ಹಕ್ಕಿ ಕರ್ನಾಟಕದ ಬಹುಭಾಗದಲ್ಲಿ ಸಾಮಾನ್ಯವಲ್ಲ. ಬಯಲುಸೀಮೆಯ ತೋಟದಲ್ಲಿ ಕಂಡ ಹಕ್ಕಿಯನ್ನು ಪಟ್ಟಿಯಲ್ಲಿ ಆ ಹೆಸರಿನ ಎದುರು ಗುರುತು ಹಾಕುವುದು ತುಂಬಾ ಹೆಚ್ಚಾಗಿ ಕಾಣುವ ತಪ್ಪು.

ಹಕ್ಕಿ ಒಂದೆರಡು ಕ್ಷಣ ಮಾತ್ರ ಕಾಣುತ್ತದೆ. ಎಲ್ಲಕ್ಕಿಂತ ಮೊದಲು ಏನನ್ನು ನೋಡಬೇಕು?

ಹಿಂಗತ್ತು ಮತ್ತು ಪೃಷ್ಠ, ಈ ಎರಡನ್ನು ನೋಡಬೇಕು. ಹಿಂಗತ್ತು ಎಂದರೆ ಜುಟ್ಟು ಮುಗಿದ ಮೇಲೆ ಬೆನ್ನು ಆರಂಭವಾಗುವವರೆಗಿನ ಕತ್ತಿನ ಹಿಂಭಾಗ. ಪೃಷ್ಠ ಎಂದರೆ ಬೆನ್ನಿನ ಹೊಂಬಣ್ಣ ಮುಗಿದು ಬಾಲದ ಗರಿಗಳು ಹುಟ್ಟುವ ಮೊದಲು ಸಿಗುವ ಭಾಗ; ಹಕ್ಕಿ ಕುಳಿತಾಗ ಮಡಚಿದ ರೆಕ್ಕೆಗಳು ಅದನ್ನು ಬಹುಪಾಲು ಮುಚ್ಚಿರುತ್ತವೆ.

ಹಿಂಗತ್ತು ಕಪ್ಪಾಗಿದ್ದರೆ ಅದು ಡೈನೋಪಿಯಂ ಕುಲದ ಹಕ್ಕಿ, ಅಂದರೆ ಕರಿಪೃಷ್ಠದ್ದು ಅಥವಾ ಮೂರ್ಬೆರಳಿನದು. ಹಿಂಗತ್ತು ಬೆಳ್ಳಗಿದ್ದರೆ ಅದು ಕ್ರೈಸೊಕೊಲಾಪ್ಟಿಸ್ ಕುಲದ ಹಕ್ಕಿ, ಅಂದರೆ ದೊಡ್ಡದು ಅಥವಾ ಬಿಳಿ ಹಿಂಗತ್ತಿನದು. ಕುಲ ತೀರ್ಮಾನವಾದ ಮೇಲೆ ಪ್ರಭೇದವನ್ನು ಪೃಷ್ಠ ಹೇಳುತ್ತದೆ. ಕಪ್ಪು ಹಿಂಗತ್ತು, ಕಪ್ಪು ಪೃಷ್ಠವಿದ್ದರೆ ಕರಿಪೃಷ್ಠದ ಮರಕುಟಿಗ. ಕಪ್ಪು ಹಿಂಗತ್ತು, ಕೆಂಪು ಪೃಷ್ಠವಿದ್ದರೆ ಮೂರ್ಬೆರಳಿನದು. ಬಿಳಿ ಹಿಂಗತ್ತು, ಕೆಂಪು ಪೃಷ್ಠವಿದ್ದರೆ ದೊಡ್ಡ ಹೊಂಬೆನ್ನಿನದು. ಬಿಳಿ ಹಿಂಗತ್ತು, ಕಪ್ಪು ಪೃಷ್ಠವಿದ್ದರೆ ಬಿಳಿ ಹಿಂಗತ್ತಿನದು. ಕರ್ನಾಟಕದ ಮಟ್ಟಿಗೆ ಈ ಎರಡೇ ಲಕ್ಷಣಗಳು ಖಚಿತವಾಗಿ ಕಂಡರೆ ನಾಲ್ಕನ್ನೂ ಬೇರ್ಪಡಿಸಲು ಸಾಕು, ಗಂಡು ಹೆಣ್ಣೆಂಬ ಭೇದವಿಲ್ಲದೆ ಇದು ಅನ್ವಯಿಸುತ್ತದೆ. ಬೇರೆಲ್ಲ ಲಕ್ಷಣಗಳು ಈ ತೀರ್ಮಾನವನ್ನು ಗಟ್ಟಿಮಾಡಿಕೊಳ್ಳಲು, ಅಥವಾ ಇವೆರಡರಲ್ಲಿ ಒಂದು ಕಾಣದೆ ಹೋದಾಗ ನೆರವಿಗೆ ಬರಲು ಇರುವಂಥವು.

ಹಕ್ಕಿ ಕುಳಿತಾಗ ಪೃಷ್ಠ ಕಾಣುವುದೇ ಇಲ್ಲವಲ್ಲ?

ಕಾಣುವುದು ಕಷ್ಟ, ನಿಜ. ಆದರೆ ಮರಕುಟಿಗ ಕಾಂಡದ ಮೇಲೆ ಕುಪ್ಪಳಿಸುತ್ತಾ ಏರುವಾಗ, ರೆಕ್ಕೆಗಳನ್ನು ಸ್ವಲ್ಪ ಇಳಿಬಿಟ್ಟು ಮೈ ಕೊಡವಿಕೊಳ್ಳುವಾಗ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮರದಿಂದ ಇನ್ನೊಂದಕ್ಕೆ ಹಾರುವ ಮೊದಲ ಕ್ಷಣದಲ್ಲಿ ಅದು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಹಕ್ಕಿ ಹಾರಿತೆಂದು ದುರ್ಬೀನು ಕೆಳಗಿಳಿಸಬಾರದು. ಹಾರುವ ಹಕ್ಕಿಯನ್ನು ಹಿಂದಿನಿಂದ ಹಿಂಬಾಲಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಛಾಯಾಗ್ರಾಹಕರು ಕುಳಿತ ಹಕ್ಕಿಯ ಚೆಂದದ ಚಿತ್ರ ಸಿಕ್ಕ ಕೂಡಲೇ ಕ್ಯಾಮೆರಾ ಇಳಿಸಿಬಿಡುತ್ತಾರೆ. ಹಾರುವಾಗ ತೆಗೆದ ಒಂದು ಮಸುಕು ಚಿತ್ರ ಗುರುತಿಸುವಿಕೆಗೆ ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಬಹುದು.

ಒಂದು ವಿಷಯದಲ್ಲಿ ಎಚ್ಚರ ಬೇಕು. ದಟ್ಟ ನೆರಳಿನಲ್ಲಿ ಕಡುಗೆಂಪು ಪೃಷ್ಠ ಕಪ್ಪಾಗಿಯೇ ಕಾಣುತ್ತದೆ. ಕೆಂಪು ಕಂಡಿತು ಎಂದರೆ ಅದನ್ನು ನಂಬಬಹುದು. ಮಲೆನಾಡಿನ ಕಾಡಿನೊಳಗೆ ಕಪ್ಪು ಕಂಡಿತು ಎಂದರೆ ಇನ್ನೊಂದು ಲಕ್ಷಣವನ್ನು ನೋಡದೆ ನಂಬಬಾರದು.

ಕರಿಪೃಷ್ಠದ ಮರಕುಟಿಗವನ್ನು ಮುಂದಿನಿಂದ ಮಾತ್ರ ನೋಡಿದರೂ ಗುರುತಿಸಬಹುದೇ?

ಗುರುತಿಸಬಹುದು, ಅದಕ್ಕೆ ಗಂಟಲನ್ನು ನೋಡಬೇಕು. ನಾಲ್ಕರಲ್ಲಿ ಇದರದೊಂದೇ ಗಂಟಲು ಕಪ್ಪಾಗಿದ್ದು, ಅದರ ಮೇಲೆ ಒತ್ತೊತ್ತಾಗಿ ಬಿಳಿ ಚುಕ್ಕೆಗಳಿರುತ್ತವೆ. ಉಳಿದ ಮೂರರಲ್ಲಿ ಗಂಟಲಿನ ನೆಲ ಬಿಳಿ, ಅದರ ಮೇಲೆ ಕಪ್ಪು ಗೆರೆಗಳು. ಹೀಗಾಗಿ ಕರಿಪೃಷ್ಠದ ಮರಕುಟಿಗಕ್ಕೆ ಕೊಕ್ಕಿನ ಬುಡದಿಂದ ಕೆನ್ನೆಯ ಕೆಳಗೆ ಹಾಯುವ ಸ್ಪಷ್ಟವಾದ ಮೀಸೆಗೆರೆ ಇಲ್ಲವೆಂದೇ ಹೇಳಬೇಕು. ಪಕ್ಕದಿಂದ ನೋಡಿದಾಗ ಇನ್ನೊಂದು ಗುರುತು ಸಿಗುತ್ತದೆ: ಭುಜದ ಬಳಿ, ರೆಕ್ಕೆಯ ಮಡಿಕೆಯ ಕಪ್ಪು ಭಾಗದಲ್ಲಿ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ.

ದೊಡ್ಡ ಹೊಂಬೆನ್ನಿನದಕ್ಕೂ ಮೂರ್ಬೆರಳಿನದಕ್ಕೂ ಎರಡಕ್ಕೂ ಕೆಂಪು ಪೃಷ್ಠ. ಇವೆರಡನ್ನು ಹೇಗೆ ಬೇರ್ಪಡಿಸುವುದು?

ನಾಲ್ಕರಲ್ಲಿ ಅತ್ಯಂತ ಕಠಿಣವಾದ ಜೋಡಿ ಇದೇ, ಏಕೆಂದರೆ ಎರಡೂ ಪಶ್ಚಿಮ ಘಟ್ಟದ ತೇವಭರಿತ ಕಾಡುಗಳಲ್ಲಿ, ಅದೇ ಬಗೆಯ ಮರಗಳ ಮೇಲೆ ಕಾಣಸಿಗುತ್ತವೆ. ಹಿಂಗತ್ತು ಕಂಡರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ: ದೊಡ್ಡದರಲ್ಲಿ ಬಿಳಿ, ಮೂರ್ಬೆರಳಿನದರಲ್ಲಿ ಕಪ್ಪು. ಆದರೆ ಹಕ್ಕಿ ನಮಗೆ ಮುಖ ಮಾಡಿಕೊಂಡಿದ್ದರೆ, ಅಥವಾ ಜುಟ್ಟನ್ನು ಹಿಂದಕ್ಕೆ ಮಡಚಿ ಹಿಂಗತ್ತಿನ ಮೇಲ್ಭಾಗವನ್ನು ಮುಚ್ಚಿಕೊಂಡಿದ್ದರೆ ಮುಖವನ್ನೇ ಓದಬೇಕಾಗುತ್ತದೆ.

ಮುಖದಲ್ಲಿ ಮೊದಲು ನೋಡಬೇಕಾದದ್ದು ಮೀಸೆಗೆರೆ. ಮೂರ್ಬೆರಳಿನ ಮರಕುಟಿಗದಲ್ಲಿ ಕೊಕ್ಕಿನ ಬುಡದಿಂದ ಕತ್ತಿನ ಬದಿಗೆ ಒಂದೇ ಒಂದು ದಪ್ಪ ಕಪ್ಪು ಗೆರೆ ಇಳಿಯುತ್ತದೆ. ದೊಡ್ಡ ಹೊಂಬೆನ್ನಿನದರಲ್ಲಿ ಆ ಜಾಗದಲ್ಲಿ ಎರಡು ತೆಳು ಗೆರೆಗಳಿದ್ದು, ಅವುಗಳ ನಡುವೆ ಬಿಳಿಯ ಉದ್ದನೆಯ ಕಿಂಡಿ ಉಳಿದಿರುತ್ತದೆ. ಎರಡು ಗೆರೆಗಳು ಹಿಂದೆ ಹೋಗಿ ಕೂಡಿಕೊಳ್ಳುವುದರಿಂದ ಒಟ್ಟು ಆಕಾರ ಎಳೆದು ಉದ್ದಮಾಡಿದ ಕುಣಿಕೆಯಂತಿರುತ್ತದೆ. ಮೂರ್ಬೆರಳಿನದರ ಒಂಟಿ ಗೆರೆ ಕೆಲವೊಮ್ಮೆ ಅಲ್ಲಲ್ಲಿ ಸೀಳಿದಂತೆ ತೋರುವುದುಂಟು. ಆದರೆ ದೊಡ್ಡದರಲ್ಲಿ ಕಾಣುವ, ಅಂಚು ಸ್ಪಷ್ಟವಾಗಿರುವ ಬಿಳಿ ಕಿಂಡಿ ಅದರಲ್ಲಿರುವುದಿಲ್ಲ.

ಎರಡನೆಯದು ಕೊಕ್ಕು. ದೊಡ್ಡದರ ಕೊಕ್ಕು ನೇರವಾಗಿ, ಉದ್ದವಾಗಿ, ಉಳಿಯಂತೆ ಬಲವಾಗಿದ್ದು, ಹೆಚ್ಚುಕಡಿಮೆ ತಲೆಯಷ್ಟೇ ಉದ್ದವಿರುತ್ತದೆ. ಮೂರ್ಬೆರಳಿನದರ ಕೊಕ್ಕು ಗಿಡ್ಡ, ತಲೆಯ ಉದ್ದಕ್ಕಿಂತ ಸ್ಪಷ್ಟವಾಗಿ ಕಡಿಮೆ. ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ಕೊಕ್ಕಿನ ತುದಿಯಿಂದ ಬುಡಕ್ಕೂ, ಬುಡದಿಂದ ತಲೆಯ ಹಿಂಭಾಗಕ್ಕೂ ಇರುವ ಅಂತರವನ್ನು ಹೋಲಿಸಿ ನೋಡಿದರೆ ಈ ವ್ಯತ್ಯಾಸ ಬರಿಗಣ್ಣಿಗೇ ತಿಳಿಯುತ್ತದೆ. ಕೊಕ್ಕು ಕ್ಯಾಮೆರಾದ ಕಡೆಗೋ ಆಚೆಗೋ ತಿರುಗಿರುವ ಚಿತ್ರಗಳಲ್ಲಿ ಈ ಅಳತೆ ಮೋಸ ಮಾಡುತ್ತದೆ, ಪೂರ್ತಿ ಪಕ್ಕದಿಂದ ತೆಗೆದ ಚಿತ್ರವೇ ಬೇಕು.

ಮೂರನೆಯದು ಕಣ್ಣು. ಬೆಳೆದ ದೊಡ್ಡ ಹೊಂಬೆನ್ನಿನದರ ಕಣ್ಣು ತಿಳಿಹಳದಿ ಅಥವಾ ಬಿಳಿಚು ಬಣ್ಣದ್ದು. ಕಣ್ಣಿನ ಸುತ್ತಲಿನ ಕಪ್ಪು ಪಟ್ಟಿಯ ನಡುವೆ ಅದು ಎದ್ದು ಕಾಣುತ್ತದೆ. ಮೂರ್ಬೆರಳಿನದರ ಕಣ್ಣು ಗಾಢ ಬಣ್ಣದ್ದಾದ್ದರಿಂದ ಕಪ್ಪು ಪಟ್ಟಿಯಲ್ಲಿ ಕರಗಿಹೋಗುತ್ತದೆ. ಎಳೆಯ ಹಕ್ಕಿಗಳ ಕಣ್ಣು ಅಷ್ಟು ತಿಳಿಯಾಗಿರುವುದಿಲ್ಲ. ಆದ್ದರಿಂದ ಕಣ್ಣಿನ ಬಣ್ಣವೊಂದನ್ನೇ ಆಧಾರವಾಗಿಟ್ಟುಕೊಂಡು ಹೆಸರು ಬರೆಯುವುದು ಸರಿಯಲ್ಲ.

ಬೆರಳುಗಳನ್ನು ಎಣಿಸಿದರೆ ಸುಲಭವಲ್ಲವೇ?

ತತ್ತ್ವತಃ ಸುಲಭ. ಮೂರ್ಬೆರಳಿನ ಮರಕುಟಿಗಕ್ಕೆ ಮೂರೇ ಬೆರಳು, ದೊಡ್ಡದಕ್ಕೆ ನಾಲ್ಕು. ಕರಿಪೃಷ್ಠದ್ದಕ್ಕೂ ನಾಲ್ಕು ಬೆರಳುಗಳಿದ್ದರೂ ಅವುಗಳಲ್ಲಿ ಒಂದು ತೀರಾ ಚಿಕ್ಕದು. ಹಕ್ಕಿ ಕಾಂಡವನ್ನು ಹಿಡಿದಿರುವಾಗ ಒಂದು ಬೆರಳು ತೊಗಟೆಯ ಮಡಿಕೆಯಲ್ಲೋ ಗರಿಗಳ ಕೆಳಗೋ ಸುಲಭವಾಗಿ ಮರೆಯಾಗುವುದರಿಂದ, ನಾಲ್ಕು ಕಂಡರೆ ಅದು ಸಾಕ್ಷ್ಯ, ಮೂರು ಕಂಡರೆ ಅದು ಸುಳಿವು ಮಾತ್ರ.

ಬಿಳಿ ಹಿಂಗತ್ತಿನ ಮರಕುಟಿಗದ ವಿಶೇಷವೇನು?

ಇದನ್ನು ಹಿಂದಿನಿಂದ ಒಮ್ಮೆ ಚೆನ್ನಾಗಿ ನೋಡಿದವರು ಮತ್ತೆ ಗೊಂದಲಪಡುವುದು ಕಡಿಮೆ. ದೊಡ್ಡ ಹೊಂಬೆನ್ನಿನದರಲ್ಲಿ ಬಿಳಿ ಬಣ್ಣ ಹಿಂಗತ್ತಿಗೇ ಸೀಮಿತವಾಗಿದ್ದು, ಅದರ ಕೆಳಗೆ ಇಡೀ ಬೆನ್ನು ಹೊಂಬಣ್ಣವಾಗಿರುತ್ತದೆ. ಬಿಳಿ ಹಿಂಗತ್ತಿನದರಲ್ಲಿ ಆ ಬಿಳಿ ಬಣ್ಣ ಹಿಂಗತ್ತಿನಿಂದ ಇಳಿದು ಬೆನ್ನಿನ ಮೇಲ್ಭಾಗಕ್ಕೂ ಹರಡಿ, ಎರಡೂ ಬದಿಯಲ್ಲಿ ಕಪ್ಪು ಬಣ್ಣದಿಂದ ಸುತ್ತುವರಿಯಲ್ಪಟ್ಟಿರುತ್ತದೆ. ಹೊಂಬಣ್ಣ ಉಳಿಯುವುದು ರೆಕ್ಕೆಗಳಲ್ಲಿ ಮಾತ್ರ. ಮುಖದ ಮೀಸೆಗೆರೆಗಳು ದೊಡ್ಡದರಂತೆಯೇ ಜೋಡಿಯಾಗಿರುವುದರಿಂದ, ಮುಂದಿನಿಂದ ನೋಡಿದಾಗ ಇವೆರಡು ಗೊಂದಲಕ್ಕೆ ದಾರಿಮಾಡುತ್ತವೆ; ಅಂಥಲ್ಲಿ ಹಕ್ಕಿ ತಿರುಗುವವರೆಗೆ ಕಾಯುವುದೇ ಸರಿಯಾದ ಕ್ರಮ. ಇದು ಒಣ ಎಲೆಯುದುರುವ ಕಾಡುಗಳ, ಕುರುಚಲಿನ ಹಕ್ಕಿ. ಬಂಡೀಪುರ ಮತ್ತು ಕಬಿನಿ ಸುತ್ತಲಿನ ಕಾಡುಗಳು ಇದನ್ನು ಹುಡುಕಲು ಒಳ್ಳೆಯ ಜಾಗಗಳು.

ಗಂಡು ಹೆಣ್ಣುಗಳ ವ್ಯತ್ಯಾಸದಿಂದ ಪ್ರಭೇದ ತಿಳಿಯುತ್ತದೆಯೇ?

ಹೆಣ್ಣು ಹಕ್ಕಿ ಸಿಕ್ಕರೆ ಖಂಡಿತ ತಿಳಿಯುತ್ತದೆ, ಮತ್ತು ಈ ಲಕ್ಷಣಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ನಾಲ್ಕರಲ್ಲೂ ಗಂಡಿನ ನೆತ್ತಿ ಮತ್ತು ಜುಟ್ಟು ಕೆಂಪು. ಆದರೆ ನಾಲ್ಕು ಹೆಣ್ಣುಗಳ ತಲೆ ನಾಲ್ಕು ಬಗೆ. ಕರಿಪೃಷ್ಠದ ಹೆಣ್ಣಿಗೆ ನೆತ್ತಿಯ ಮುಂಭಾಗ ಮಾತ್ರ ಕಪ್ಪು, ಅದರಲ್ಲಿ ಬಿಳಿ ಚುಕ್ಕೆಗಳು, ಹಿಂದಿನ ಜುಟ್ಟು ಗಂಡಿನಂತೆಯೇ ಕೆಂಪು. ಮೂರ್ಬೆರಳಿನ ಹೆಣ್ಣಿಗೆ ನೆತ್ತಿ, ಜುಟ್ಟು ಎರಡೂ ಕಪ್ಪು, ಅದರ ಮೇಲೆ ಬಿಳಿಯ ಸಣ್ಣ ಗೀರುಗಳು. ದೊಡ್ಡ ಹೊಂಬೆನ್ನಿನ ಹೆಣ್ಣಿಗೂ ಎರಡೂ ಕಪ್ಪೇ, ಆದರೆ ಗೀರುಗಳ ಬದಲು ದುಂಡನೆಯ ಬಿಳಿ ಚುಕ್ಕೆಗಳು. ಬಿಳಿ ಹಿಂಗತ್ತಿನ ಹೆಣ್ಣಿನ ನೆತ್ತಿ ಹಳದಿ. ಈ ಹಳದಿ ನೆತ್ತಿ ಬೇರೆ ಯಾವ ಹೊಂಬೆನ್ನಿನ ಹೆಣ್ಣಿಗೂ ಇಲ್ಲ.

ಜೋಡಿಯಾಗಿ ಓಡಾಡುವ ಹಕ್ಕಿಗಳಾದ್ದರಿಂದ, ಗಂಡಿನ ಗುರುತು ಅಸ್ಪಷ್ಟವಾದರೆ ಹತ್ತಿರದಲ್ಲಿ ಹೆಣ್ಣು ಇದೆಯೇ ಎಂದು ಹುಡುಕುವುದು ಲಾಭದಾಯಕ. ಆ ವರ್ಷದ ಮರಿಗಳ ಬಣ್ಣ ಮಂಕಾಗಿದ್ದು ತಲೆಯ ವಿನ್ಯಾಸ ಪೂರ್ತಿ ಮೂಡಿರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಗಾತ್ರವನ್ನು ನೋಡಿ ಹೇಳಬಹುದೇ?

ಹೇಳಬಾರದು. ಕರಿಪೃಷ್ಠದ್ದು 26ರಿಂದ 29 ಸೆಂ.ಮೀ., ಮೂರ್ಬೆರಳಿನದು 28ರಿಂದ 30, ಬಿಳಿ ಹಿಂಗತ್ತಿನದು ಸುಮಾರು 29, ದೊಡ್ಡದು ಸುಮಾರು 33 ಸೆಂ.ಮೀ. ಎತ್ತರದ ಕೊಂಬೆಯ ಮೇಲೆ ಒಂಟಿಯಾಗಿ ಕುಳಿತ ಹಕ್ಕಿಯಲ್ಲಿ ಮೂರು ನಾಲ್ಕು ಸೆಂಟಿಮೀಟರಿನ ಅಂತರವನ್ನು ಯಾರ ಕಣ್ಣೂ ಅಳೆಯಲಾರದು.

ನಮ್ಮ ಕಡೆಯ ಹಕ್ಕಿಯ ಬೆನ್ನು ಹೊಂಬಣ್ಣಕ್ಕಿಂತ ಹಸಿರು ಮಿಶ್ರಿತವಾಗಿ ಕಾಣುತ್ತದೆ. ಅದು ಬೇರೆ ಪ್ರಭೇದವೇ?

ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಬೆನ್ನಿನ ಬಣ್ಣ ಬೆಳಕಿಗೆ ತಕ್ಕಂತೆ, ಗರಿಗಳ ಸವೆತಕ್ಕೆ ತಕ್ಕಂತೆ, ಉಪಪ್ರಭೇದಕ್ಕೆ ತಕ್ಕಂತೆ ಬದಲಾಗುತ್ತದೆ. ಕರಿಪೃಷ್ಠದ ಮರಕುಟಿಗದಲ್ಲೇ ಪಶ್ಚಿಮ ಘಟ್ಟದ ನೈಋತ್ಯ ಭಾಗದಲ್ಲಿರುವ ಉಪಪ್ರಭೇದದ ಬೆನ್ನು ಬಯಲಿನ ಹಕ್ಕಿಗಳಿಗಿಂತ ಹಸಿರು ಮಿಶ್ರಿತವಾಗಿರುತ್ತದೆ. ಇದಕ್ಕೆ ಪಕ್ಷಿತಜ್ಞ ಸಾಲಿಂ ಅಲಿಯವರ ಪತ್ನಿ ತೆಹ್ಮಿನಾ ಅವರ ಹೆಸರಿನಿಂದ ‘ತೆಹ್ಮಿನೇ’ ಎಂದು ಹೆಸರಿಡಲಾಗಿದೆ. ಬೆನ್ನಿನ ಹೊಂಬಣ್ಣ ಎಷ್ಟು ಗಾಢ ಎಂಬುದನ್ನು ಪ್ರಭೇದ ನಿರ್ಧಾರಕ್ಕೆ ಬಳಸಲೇಬಾರದು.

ಇಷ್ಟೊಂದು ಹೋಲುವ ಇವು ಹತ್ತಿರದ ಸಂಬಂಧಿಗಳೇ?

ಅಲ್ಲ, ಮತ್ತು ಈ ನಾಲ್ಕರ ಕತೆಯಲ್ಲಿ ಅತ್ಯಂತ ಸೋಜಿಗದ ಸಂಗತಿ ಇದೇ. ಡಿಎನ್ಎ ಆಧಾರಿತ ಅಧ್ಯಯನಗಳು ತೋರಿಸಿಕೊಟ್ಟಿರುವಂತೆ, ಡೈನೋಪಿಯಂ ಕುಲವು ಹಸಿರು ಮರಕುಟಿಗಗಳ ಪೈಕಸ್ ಕುಲಕ್ಕೆ ಹತ್ತಿರದ್ದು. ಕ್ರೈಸೊಕೊಲಾಪ್ಟಿಸ್ ಕುಲವು ಅಮೆರಿಕ ಖಂಡಗಳ ಭಾರೀ ಗಾತ್ರದ ಕ್ಯಾಂಪೆಫಿಲಸ್ ಮರಕುಟಿಗಗಳಿಗೆ ಹತ್ತಿರದ್ದು. ಎರಡು ದೂರದ ವಂಶಗಳು ಒಂದೇ ಕಾಡಿನಲ್ಲಿ ಬಾಳುತ್ತಾ ಒಂದೇ ವೇಷಕ್ಕೆ ಬಂದು ನಿಂತಿವೆ. ಬಲವಾದ ದೊಡ್ಡ ಹಕ್ಕಿಯನ್ನು ಹೋಲುವುದರಿಂದ ಚಿಕ್ಕ ಹಕ್ಕಿಗೆ ಬೇರೆ ಹಕ್ಕಿಗಳ ಕಾಟದಿಂದ ರಕ್ಷಣೆ ದೊರೆಯುತ್ತದೆ ಎಂಬುದು ಇದಕ್ಕೆ ಕೊಡಲಾಗುವ ವಿವರಣೆಗಳಲ್ಲೊಂದು.

ಶ್ರೀಲಂಕಾದ ಉದಾಹರಣೆ ಇದನ್ನು ಇನ್ನಷ್ಟು ಕುತೂಹಲಕರವಾಗಿಸುತ್ತದೆ. ಅಲ್ಲಿ ಕ್ರೈಸೊಕೊಲಾಪ್ಟಿಸ್ ಕುಲದ ಸ್ಥಳೀಯ ಪ್ರಭೇದದ ಬೆನ್ನು ಹೊಂಬಣ್ಣವಲ್ಲ, ಕಡುಗೆಂಪು. ಅದೇ ದ್ವೀಪದ ಡೈನೋಪಿಯಂ ಕುಲದ ಸ್ಥಳೀಯ ಪ್ರಭೇದದ ಬೆನ್ನೂ ಕೆಂಪು. ಒಂದು ಬಣ್ಣ ಬದಲಿಸಿದಲ್ಲಿ ಇನ್ನೊಂದೂ ಬದಲಿಸಿದೆ. ಹಿಂಗತ್ತು, ಕೊಕ್ಕುಗಳಂಥ ಲಕ್ಷಣಗಳು ಕುಲವನ್ನು ಹೇಳುವಷ್ಟು ನಂಬಿಕೆಯಿಂದ ಬೆನ್ನಿನ ಬಣ್ಣ ಹೇಳದಿರುವುದಕ್ಕೆ ಕಾರಣವೂ ಇದರಿಂದ ಅರ್ಥವಾಗುತ್ತದೆ.

ಕೂಗಿನಿಂದ ಬೇರ್ಪಡಿಸಬಹುದೇ?

ಸ್ವಲ್ಪ ಮಟ್ಟಿಗೆ. ಕರಿಪೃಷ್ಠದ್ದು ಹಾರುವಾಗ ಒರಟಾಗಿ, ಗಟ್ಟಿಯಾಗಿ ಕಿಲಕಿಲನೆ ನಗುವಂತೆ ಕೂಗುತ್ತದೆ. ಊರಿನಲ್ಲಿ ಬೆಳೆದವರಿಗೆ ಇದು ಪರಿಚಿತ ದನಿ. ದೊಡ್ಡ ಹೊಂಬೆನ್ನಿನದರ ದನಿ ಇನ್ನೂ ತೀಕ್ಷ್ಣ, ಲೋಹ ಬಡಿದಂತೆ ಚುರುಕಾದ ಉಚ್ಚಾರಗಳ ಸರಮಾಲೆಯಾಗಿದ್ದು, ಕೆಲವೊಮ್ಮೆ ಕೀಟದ ದನಿಯೆಂದು ಭ್ರಮೆ ಹುಟ್ಟಿಸುತ್ತದೆ. ಮೂರ್ಬೆರಳಿನದರ ಕೂಗು ಕರಿಪೃಷ್ಠದ್ದರದಕ್ಕೆ ಹತ್ತಿರ, ಬಿಳಿ ಹಿಂಗತ್ತಿನದರದು ದೊಡ್ಡದರದಕ್ಕೆ ಹತ್ತಿರ. ಅಂದರೆ ಕೂಗು ಕೂಡ ಹಿಂಗತ್ತಿನಂತೆಯೇ ಕುಲವನ್ನು ಸೂಚಿಸುತ್ತದೆ. ಪ್ರಭೇದಕ್ಕೆ ಕಣ್ಣಿನ ಸಾಕ್ಷಿಯೇ ಬೇಕು. ಹಕ್ಕಿಯನ್ನು ಹತ್ತಿರ ಕರೆಯಲು ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸುವುದನ್ನು, ಅದರಲ್ಲೂ ಗೂಡಿನ ಕಾಲದಲ್ಲಿ, ದಯವಿಟ್ಟು ಮಾಡಬೇಡಿ.

ಯಾವ ಪ್ರದೇಶದಲ್ಲಿ ಯಾವುದನ್ನು ನಿರೀಕ್ಷಿಸಬೇಕು?

ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಉದ್ಯಾನ, ಬಯಲುಸೀಮೆಯ ತೋಟಗಳು, ಕರಾವಳಿಯ ತೆಂಗಿನ ತೋಟಗಳು: ಇಲ್ಲೆಲ್ಲ ಕರಿಪೃಷ್ಠದ್ದನ್ನೇ ಮೊದಲು ಊಹಿಸಬೇಕು. ಕೊಡಗು, ಚಿಕ್ಕಮಗಳೂರಿನ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿರುವ ಕಾಫಿ ತೋಟಗಳಲ್ಲಿ ದೊಡ್ಡ ಹೊಂಬೆನ್ನಿನದು ಸಾಮಾನ್ಯ. ಮೂರ್ಬೆರಳಿನದನ್ನು ಎಚ್ಚರದಿಂದ ಹುಡುಕಬೇಕಾದದ್ದು ಘಟ್ಟದ ತೇವದ ಕಾಡುಗಳಲ್ಲಿ. ನಾಗರಹೊಳೆಯಂಥ ಕಡೆ ತೇವದ ಕಾಡೂ ಒಣ ಕಾಡೂ ಅಕ್ಕಪಕ್ಕದಲ್ಲಿರುವುದರಿಂದ ಪ್ರದೇಶದ ಆಧಾರ ಕೆಲಸಕ್ಕೆ ಬರುವುದಿಲ್ಲ, ಪ್ರತಿ ಹಕ್ಕಿಯನ್ನೂ ಹೊಸದಾಗಿಯೇ ನೋಡಬೇಕು.

ಹಸಿರು ಮರಕುಟಿಗಗಳಲ್ಲಿ ಗೊಂದಲವಾಗುವುದಿಲ್ಲವೇ?

ಇಲ್ಲಿ ಮುಖ್ಯವಾಗಿ ಎರಡೇ ಇವೆ. ಸ್ಟ್ರೀಕ್-ಥ್ರೋಟೆಡ್ ವುಡ್‌ಪೆಕರ್‌ನ ಎದೆ, ಹೊಟ್ಟೆಗಳ ಮೇಲೆ ಮೀನಿನ ಹುರುಪೆಯನ್ನು ಹೋಲುವ ವಿನ್ಯಾಸ, ಗಂಟಲ ಮೇಲೆ ಸಣ್ಣ ಗೀರುಗಳು, ಕಣ್ಣಿನ ಮೇಲೆ ಬಿಳಿ ಹುಬ್ಬು, ಹಾರುವಾಗ ಹೊಳೆಯುವ ಹಳದಿ ಪೃಷ್ಠ ಇರುತ್ತವೆ. ಇರುವೆ, ಗೆದ್ದಲುಗಳಿಗಾಗಿ ಇದು ಆಗಾಗ ನೆಲಕ್ಕಿಳಿಯುತ್ತದೆ. ಲೆಸ್ಸರ್ ಯೆಲ್ಲೋನೇಪ್‌ನ ತಲೆಯ ಹಿಂದೆ ಹಳದಿ ಜುಟ್ಟಿದ್ದು, ಎದೆ ಹಸಿರು, ಹುರುಪೆಯ ವಿನ್ಯಾಸವಿಲ್ಲ. ಬೇರೆ ಹಕ್ಕಿಗಳ ಮಿಶ್ರ ಗುಂಪುಗಳೊಂದಿಗೆ ಮರಗಳಲ್ಲೇ ಓಡಾಡುತ್ತದೆ.

ಗುಬ್ಬಚ್ಚಿ ಗಾತ್ರದ ಮರಕುಟಿಗ ಕಂಡೆ. ಅದು ಯಾವುದು?

ಬಹುಶಃ ಬ್ರೌನ್-ಕ್ಯಾಪ್ಡ್ ಪಿಗ್ಮಿ ವುಡ್‌ಪೆಕರ್. ಸುಮಾರು 13 ಸೆಂ.ಮೀ. ಉದ್ದದ ಈ ಹಕ್ಕಿಗೆ ಕಂದು ನೆತ್ತಿ, ಕಂದು ಬಿಳುಪಿನ ಅಡ್ಡಪಟ್ಟೆಗಳ ಬೆನ್ನು, ತಿಳಿಬಣ್ಣದ ಕಣ್ಣು. ಇದರೊಂದಿಗೆ ಗೊಂದಲವಾಗುವ ಯೆಲ್ಲೋ-ಕ್ರೌನ್ಡ್ ವುಡ್‌ಪೆಕರ್ ಸುಮಾರು 18 ಸೆಂ.ಮೀ. ಇದ್ದು, ಅದರ ಹಣೆ ಹಳದಿ, ಹೊಟ್ಟೆಯ ಕೆಳಭಾಗದಲ್ಲಿ ಕೆಂಪು ಮಚ್ಚೆ. ಗಂಡಿನ ನೆತ್ತಿಯ ಹಿಂಭಾಗವೂ ಕೆಂಪು. ಅದು ಒಣ ಪ್ರದೇಶಗಳ, ಜಾಲಿ ಮರಗಳ ಹಕ್ಕಿ.

ಉಳಿದ ಮರಕುಟಿಗಗಳು?

ಮಲೆನಾಡಿನ ಹಾರ್ಟ್-ಸ್ಪಾಟೆಡ್ (ಕಪ್ಪು ಬಿಳುಪು, ಗಿಡ್ಡ ಬಾಲ, ರೆಕ್ಕೆಯ ಮೇಲೆ ಹೃದಯಾಕಾರದ ಚುಕ್ಕೆಗಳು), ಇಡೀ ಮೈ ಕೆಂಗಂದು ಬಣ್ಣವಿದ್ದು ಮರದ ಮೇಲಿನ ಚೋಂಪಿ ಇರುವೆಗಳ ಗೂಡನ್ನೇ ಕೊರೆದು ಮೊಟ್ಟೆಯಿಡುವ ರೂಫಸ್, ಕಾಗೆಯಷ್ಟು ದೊಡ್ಡದಾದ ಕಪ್ಪು ಮೈಯ ವೈಟ್-ಬೆಲ್ಲಿಡ್: ಈ ಮೂರನ್ನೂ ಕರ್ನಾಟಕದಲ್ಲಿ ಬೇರೆ ಮರಕುಟಿಗದೊಂದಿಗೆ ಬೆರೆಸುವ ಭಯವಿಲ್ಲ.

ಮೊಬೈಲ್ ಆ್ಯಪ್ ಹೇಳಿದ ಹೆಸರನ್ನು ನಂಬಬಹುದೇ? ಅನುಮಾನ ಉಳಿದರೆ ಪಟ್ಟಿಯಲ್ಲಿ ಏನು ಬರೆಯಬೇಕು?

ಮರ್ಲಿನ್‌ನಂಥ ಆ್ಯಪ್‌ಗಳು ಸ್ಪಷ್ಟ ಚಿತ್ರಕ್ಕೆ ಸಾಧಾರಣವಾಗಿ ಸರಿಯಾದ ಹೆಸರನ್ನೇ ಸೂಚಿಸುತ್ತವೆ. ಆದರೆ ಅದು ಸೂಚನೆಯಷ್ಟೇ. ಹಿಂಗತ್ತು, ಪೃಷ್ಠ, ಮೀಸೆಗೆರೆಗಳಲ್ಲಿ ಎರಡನ್ನಾದರೂ ನೀವೇ ನೋಡಿ ಒಪ್ಪಿಕೊಂಡ ಮೇಲೆಯೇ ಹೆಸರನ್ನು ದಾಖಲಿಸಿ. ದನಿಯನ್ನು ಕೇಳಿ ಆ್ಯಪ್ ಮೂರ್ಬೆರಳಿನದರ ಹೆಸರು ತೋರಿಸಿದರೆ ಹಕ್ಕಿಯನ್ನು ಕಾಣದೆ ಅದನ್ನು ಪಟ್ಟಿಗೆ ಸೇರಿಸುವುದು ಸರಿಯಲ್ಲ.

ಅನುಮಾನ ಉಳಿದರೆ ಪ್ರಭೇದ ತಿಳಿಯದ ಮರಕುಟಿಗವೆಂದು ದಾಖಲಿಸಲು, ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳ ಪಟ್ಟಿ ಸಲ್ಲಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿ ಅವಕಾಶವಿದೆ. ಜೊತೆಗೆ ಕಂಡದ್ದನ್ನು ಕಂಡಂತೆ ಟಿಪ್ಪಣಿಯಲ್ಲಿ ಬರೆಯಿರಿ: ‘ಹಿಂಗತ್ತು ಕಪ್ಪು, ಪೃಷ್ಠ ಕಾಣಲಿಲ್ಲ, ಗಂಟಲು ಬಿಳಿ, ಮೀಸೆಗೆರೆ ಒಂದೇ, ಗಂಡು’ ಎಂಬಷ್ಟು ಸಾಕು. ಇಂಥ ಟಿಪ್ಪಣಿಯನ್ನು ಓದುವ ಪರಿಶೀಲಕರಿಗೆ ಅದು ಮೂರ್ಬೆರಳಿನ ಮರಕುಟಿಗವೆಂದು ಚಿತ್ರವಿಲ್ಲದೆಯೂ ತಿಳಿಯುತ್ತದೆ. ‘ಹೊಂಬಣ್ಣದ ಬೆನ್ನು, ಕೆಂಪು ಜುಟ್ಟು’ ಎಂದಷ್ಟೇ ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.